ದ್ರವರೂಪದ ಗಾಳಿ: ಅತಿಶೀತದ ಚರಿತ್ರೆಯೂ ಅದರ ಅಪಾಯಗಳೂ

1807ನೆಯ ಇಸವಿ ಜನವರಿ 12ನೆಯ ತಾರೀಖು ಸಾಯಂಕಾಲ ಹಾಲೆಂಡ್ ದೇಶದ ಲೈಡನ್ ನಗರದಲ್ಲಿ ಒಂದು ಘೋರವಾದ ದುರಂತವು ನಡೆಯಿತು. ಊರಿನ ನಡುವೆ ಇರುವ ಕಾಲುವೆಯೊಂದರಲ್ಲಿ ಸಿಡಿಮದ್ದಿನ ಪೀಪಾಯಿಗಳನ್ನು ತುಂಬಿಕೊಂಡಿದ್ದ ಒಂದು ನಾವೆ ದಡಕ್ಕೆ ಕಟ್ಟಿ ನಿಂತಿತ್ತು. ಅದು ಇದ್ದಕ್ಕಿದ್ದ ಹಾಗೆ ಸಿಡಿಯಿತು. ಎರಡು ದಡಗಳ ಮೇಲಿದ್ದ ಮನೆಗಳು ನೆಲಸಮವಾದುವು. ಸುಮಾರು 150 ಮಂದಿ ಪ್ರಾಣ ಬಿಟ್ಟರು. ಹಾಳಾದ ಆ ಸ್ಥಳದಲ್ಲಿ ಬಹುಕಾಲ ಯಾರೂ ಮನೆ ಕಟ್ಟಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಅಲ್ಲಿನ ವಿಶ್ವವಿದ್ಯಾನಿಲಯದವರು ಆ ಬಯಲಿನ ಒಂದು ಭಾಗದಲ್ಲಿ ತಮ್ಮ ಪ್ರಯೋಗಶಾಲೆಯನ್ನು ಕಟ್ಟಿಸಿದರು.

1882ರಲ್ಲಿ ಆ ಪ್ರಯೋಗಶಾಲೆಗೆ ಕಾಮರ್ಲಿಂಗ್ ಓನೆಸ್ ಎಂಬ ತರುಣ ಪ್ರಾಧ್ಯಾಪಕರು ಬಂದರು. ಗಾಳಿಯಂಥ ಅನಿಲಗಳನ್ನು ತಣಿಸಿ ತಣಿಸಿ ನೀರಿನಂತೆ ದ್ರವವಾಗಿಸುವುದು ಅವರ ಜೀವಮಾನದ ಉದ್ಯೋಗವಾಯಿತು. ಅದಕ್ಕಾಗಿ ಬಲವಾದ ಒತ್ತಡದಲ್ಲಿ ಅನಿಲಗಳನ್ನು ತುಂಬಿದ ಕೊಳವೆಗಳೂ ಯಂತ್ರಗಳೂ ಅವರಲ್ಲಿ ಸೇರಿದ್ದುವು. 1895ರಲ್ಲಿ ಈ ಸಂಗತಿ ನಗರಸಭೆಯವರ ಕಿವಿಗೆ ಬಿದ್ದಿತು. ತಾತಂದಿರು ಸತ್ತ ಜಾಗದಲ್ಲಿಯೇ ಇನ್ನೊಂದು ಸಿಡಿಮದ್ದಿನ ಮನೆ ಎದ್ದಿದೆಯೆಂದು ಜನರಿಗೆ ತೋರಿದುದರಲ್ಲಿ ಆಶ್ಚರ್ಯವೇನಿದೆ? ಅವರು ಸರ್ಕಾರಕ್ಕೆ ಮೊರೆಯಿಟ್ಟರು. ವಿಚಾರಣೆಯಾಗಿ ತೀರ್ಮಾನ ಹೊರಡುವವರೆಗೆ, ಎಂದರೆ 1898ರವರೆಗೆ, ಓನೆಸರ ದೊಡ್ಡ ಕೆಲಸಗಳು ನಿಂತುಹೋದುವು.

ಶ್ರೋತೃಮಹಾಶಯರೇ, ಈ ವ್ಯಾಜ್ಯದಲ್ಲಿ ಯಾರ ಪಕ್ಷ ನ್ಯಾಯವಾದುದು? ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪ್ರಾಧ್ಯಾಪಕರ ಪಕ್ಷವನ್ನು ವಹಿಸಿ, ನಗರಸಭೆಯವರ ಅಜ್ಞಾನವನ್ನು ಕಂಡು ನಕ್ಕು ಮುಂದೆ ಸಾಗುತ್ತಾರೆ. ನಾವು ಅಷ್ಟು ಬೇಗ ನಗದೆ, ಅತಿಶೀತದ ಚರಿತ್ರೆಯನ್ನು ಮೊದಲಿನಿಂದ ನೋಡಿ, ಅದರಲ್ಲಿ ಅಪಾಯವೆಂಬುದು ನಿಜವಾಗಿ ಎಲ್ಲಿತ್ತು ಎಂಬುದನ್ನು ವಿಚಾರಮಾಡಿ, ಆಮೇಲೆ ತೀರ್ಪು ಹೇಳೋಣ.

ನೀರನ್ನು ಕಾಯಿಸಿದರೆ ಆವಿಯಾಗುತ್ತದೆ. ಆವಿಯನ್ನು ತಣಿಸಿದರೆ ಮತ್ತೆ ನೀರಾಗುತ್ತದೆ. ಇದು ಅಡಿಗೆಯ ಮನೆಯಲ್ಲಿ ದಿನವೂ ಕಾಣುವ ವಿಷಯ. ಹಾಗಾದರೆ ನಾವು ಉಸಿರಾಡುವ ಗಾಳಿಯೂ ಒಂದು ಬಗೆಯ ಆವಿಯೇ ಆಗಿರಬಾರದೇಕೆ? ತಕ್ಕಷ್ಟು ತಣಿಸಿದರೆ ಅದೂ ನೀರಿನಂತೆ ಪಾತ್ರೆಯಲ್ಲಿ ನಿಲ್ಲಬಾರದೇಕೆ? ಫ್ರಾನ್ಸಿನ ಲವಾಸಿಯೇ ಎಂಬ ಮಹಾ ರಸಾಯನಶಾಸ್ತ್ರಜ್ಞನು ಹದಿನೆಂಟನೆಯ ಶತಮಾನದಲ್ಲಿಯೇ ಹೀಗೆ ಊಹಿಸಿದ್ದನು: ನಮ್ಮ ಭೂಮಿಯನ್ನು ಒಯ್ದು ಅತಿ ಶೀತವಾದ ಪ್ರದೇಶದಲ್ಲಿ ಇಟ್ಟರೆ, ಅದರ ವಾಯುಮಂಡಲದ ಒಂದು ಭಾಗವಾದರೂ ದ್ರವವಾಗಿ ಕೆಳಗಿಳಿಯುವುದು. ಊಹೆ ಸುಲಭವಾಗಿತ್ತು. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕೆ ನೂರು ವರ್ಷಗಳು ಹಿಡಿದುವು.

ಮೊದಲನೆಯ ಹೆಜ್ಜೆಯನ್ನು ಇಟ್ಟವರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಮುಖ್ಯನು. 1823ರಲ್ಲಿ ಅವನು ಕ್ಲೋರೀನ್ ಅನಿಲವು ಸೇರಿದ್ದ ಹರಳುಗಳನ್ನು ಗಾಜಿನ ಕೊಳವೆಯೊಂದರಲ್ಲಿ ಹಾಕಿ, ಎರಡು ಕೊನೆಗಳನ್ನೂ ಮುಚ್ಚಿ ಕಾಯಿಸಿದನು. ಹೊರಕ್ಕೆ ಹೋಗಲು ದಾರಿಯಿಲ್ಲದೆ ಅನಿಲವು ತನ್ನನ್ನೇ ಒತ್ತಿಕೊಂಡು ಎಣ್ಣೆಯಂಥ ಹಳದಿಯ ದ್ರವವಾಗಿ ಕೊಳವೆಯಲ್ಲಿ ಕುಳಿತಿತು. ಅದೇ ದಾರಿಯಲ್ಲಿ ಮುಂದೆ ಹಲವು ಅನಿಲಗಳು ದ್ರವವಾದುವು. ಆದರೆ ಆ ಮುಚ್ಚಿದ ಕೊಳವೆಗಳು ಒಮ್ಮೊಮ್ಮೆ ಸಿಡಿಯುತ್ತಿದ್ದುವು. ಗಾಜಿನ ಚೂರುಗಳು ಫ್ಯಾರಡೆಯ ಕಣ್ಣುಗಳಿಗೆ ಹೊಡೆದು, ಅವನು ಕೆಲವು ದಿನ ಕೆಲಸವಿಲ್ಲದೆ ಕೂರಬೇಕಾಯಿತು. ಅತಿಶೀತದ ಚರಿತ್ರೆಯ ಮೊದಲ ಪುಟದಲ್ಲಿಯೇ ಒಂದು ಗಾಯದ ಗುರುತು ಇದೆ.

ಎರಡನೆಯ ಪುಟದಲ್ಲಿ ಸಾವೇ ಇದೆ. ಗೋಲಿಸೋಡದ ಬಾಟಲಿಯನ್ನು ಒಡೆದಾಗ ಭುಸ್ಸೆಂದು ಬರುವ ಅಂಗಾರಾಮ್ಲ ಅನಿಲವನ್ನು ನಾವೆಲ್ಲರೂ ಬಲ್ಲೆವು. ಇಂದಿನ ಪುಸ್ತಕಗಳಲ್ಲಿ ಅದಕ್ಕೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಪ್ಯಾರಿಸ್ ನಗರದ ತಿಲೋರಿಯೇ ಎಂಬಾತನು ಅದನ್ನು ಬೀಡುಕಬ್ಬಿಣದ ದಪ್ಪ ಪಾತ್ರೆಗಳಲ್ಲಿ ಸೇರುಗಟ್ಟಲೆ ದ್ರವವಾಗಿಸುವ ಉಪಾಯವನ್ನು ಕಂಡುಹಿಡಿದನು. ಆ ದ್ರವವನ್ನು ಒಮ್ಮೆಗೇ ಹೊರಕ್ಕೆ ಬಿಟ್ಟರೆ, ಅದರ ಒಂದು ಭಾಗವು ಆವಿಯಾಗಿ ಹೋಗುವಾಗ ಉಳಿದ ಭಾಗದ ಶಾಖವನ್ನೆಲ್ಲ ಹೀರಿಕೊಂಡು, ಅದು ಹಿಮದಂತೆ ಬಿಳಿಯ ಪುಡಿಯಾಗಿ ಬೀಳುತ್ತಿತ್ತು. 1835ರ ಸುಮಾರಿನಲ್ಲಿ ಇದು ಪ್ಯಾರಿಸ್ಸಿನ ವಿದ್ಯಾವಂತರಿಗೆಲ್ಲ ಒಂದು ವಿನೋದವಾಯಿತು. 1840ರ ಕೊನೆಯಲ್ಲಿ ಅಲ್ಲಿನ ಔಷಧ ವಿದ್ಯಾಶಾಲೆಯಲ್ಲಿ ಎರ್ವಿ ಎಂಬ ಸಹಾಯಕನು, ಉಪನ್ಯಾಸದಲ್ಲಿ ತೋರಿಸುವುದಕ್ಕಾಗಿ ಆ ದ್ರವವನ್ನು ಸಿದ್ಧಪಡಿಸುತ್ತಿದ್ದಾಗ ಪಾತ್ರೆ ಸಿಡಿಯಿತು. ಅವನ ಕಾಲುಗಳು ಛಿದ್ರವಾದುವು, ಅವನು ಬದುಕಲಿಲ್ಲ. ತಿಲೋರಿಯೆಯ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಎರ್ವಿಯ ಹೆಸರನ್ನು ಬಲ್ಲವರು ಕಡಿಮೆ.

ಎಷ್ಟೇ ಒತ್ತಿದರೂ ಜಗ್ಗದ ಕೆಲವು ಅನಿಲಗಳು ಇದ್ದುವು. ಆಮ್ಲಜನಕ, ಸಾರಜನಕ, ಜಲಜನಕ ಮೊದಲಾದ ಆರನ್ನು 1845ರ ವೇಳೆಗೆ ಫ್ಯಾರಡೆಯೂ ಗೆಲ್ಲಲಾರದೆ ಕೈಬಿಟ್ಟಿದ್ದನು. ಅವುಗಳಿಗೆ ಶಾಶ್ವತಾನಿಲಗಳು ಎಂಬ ಹೆಸರೇ ಬಿದ್ದಿತು. ಇವು ಏಕೆ ಜಗ್ಗುವುದಿಲ್ಲವೆಂಬುದನ್ನು 1869ರಲ್ಲಿ ಬೆಲ್ಫಾಸ್ಟಿನ ತಾಮಸ್ ಆಂಡ್ರೂಸ್ ಎಂಬ ವೈದ್ಯ ವಿಜ್ಞಾನಿಯು ತಿಳಿಯಪಡಿಸಿದನು. ಪ್ರತಿಯೊಂದು ಅನಿಲಕ್ಕೂ ಒಂದು ಉಷ್ಣತೆಯ ಗಡಿ ಇದೆ. ಆ ಗಡಿಯ ಮೇಲಿರುವವರೆಗೆ ಬೆಟ್ಟವನ್ನೇ ಹೇರಿದರೂ ಅದು ದ್ರವವಾಗದು. ಗಡಿಯ ಕೆಳಕ್ಕೆ ಇಳಿದರೆ ತಕ್ಕ ಒತ್ತಡದಲ್ಲಿ ದ್ರವವಾಗುತ್ತದೆ. ಅಂಗಾರಾಮ್ಲಕ್ಕೆ ಈ ಗಡಿ 31 ಡಿಗ್ರಿ ಸೆಂಟಿಗ್ರೇಡ್; ಮೈಸೂರಿನ ಬೇಸಗೆಯ ಹಗಲಿನಷ್ಟು. ಆಮ್ಲಜನಕಕ್ಕಾದರೋ ಸೊನ್ನೆಗಿಂತ 118 ಡಿಗ್ರಿ ಕೆಳಗೆ. ಹಿಂದಿನವರು ಬಲವನ್ನು ಪ್ರಯೋಗಿಸುತ್ತಿದ್ದರು, ಬೇಕಾಗಿದ್ದುದು ಶೀತ. ಈ ಒಂದು ಮಾತು ತಿಳಿದ ಮೇಲೆ ದಾರಿ ತೆರೆಯಿತು.

1877ನೆಯ ಡಿಸೆಂಬರ್ ತಿಂಗಳಲ್ಲಿ ಫ್ರಾನ್ಸಿನ ಕಬ್ಬಿಣದ ಕಾರ್ಖಾನೆಯ ಯಜಮಾನನಾದ ಕೈಯೆತೆಯೂ ಜಿನೀವಾ ನಗರದ ಪಿಕ್ಟೆಯೂ, ಒಬ್ಬರನ್ನೊಬ್ಬರು ಅರಿಯದೆ, ಬೇರೆ ಬೇರೆ ಉಪಾಯಗಳಿಂದ ಆಮ್ಲಜನಕವನ್ನು ಕ್ಷಣಕಾಲ ದ್ರವವಾಗಿಸಿದರು. ಅವರಿಬ್ಬರ ವರದಿಗಳೂ ಡಿಸೆಂಬರ್ 24ರಂದು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನ ಒಂದೇ ಸಭೆಯಲ್ಲಿ ಓದಲ್ಪಟ್ಟುವು. ಕೈಯೆತೆಗೆ ದಾರಿ ತೋರಿಸಿದುದು ಒಂದು ಆಕಸ್ಮಿಕ. ಬೇರೊಂದು ಅನಿಲವನ್ನು ಒತ್ತುತ್ತಿದ್ದಾಗ ಅವನ ಯಂತ್ರವು ಸೋರಿ ಒತ್ತಡ ಒಮ್ಮೆಗೇ ಇಳಿಯಿತು. ಕೊಳವೆಯಲ್ಲಿ ಮಂಜು ಮುಸುಕಿತು. ಬಿಗಿದ ಅನಿಲವನ್ನು ಥಟ್ಟನೆ ಸಡಿಲಿಸಿದರೆ ತಾನಾಗಿಯೇ ತಣ್ಣಗಾಗುತ್ತದೆಂಬುದನ್ನು ಆ ಮಂಜು ಅವನಿಗೆ ಕಲಿಸಿತು. ಸೈಕಲ್ಲಿನ ಟ್ಯೂಬಿನಿಂದ ಗಾಳಿ ಬಿಡುವಾಗ ಬೆರಳಿಗೆ ತಣ್ಣಗೆ ತಾಗುವುದನ್ನು ಗಮನಿಸಿದವರಿಗೆ ಈ ತತ್ತ್ವ ಹೊಸದಲ್ಲ.

ಕೈಯೆತೆಗೆ ಕಂಡುದು ಬರಿಯ ಮಂಜು. ಪಾತ್ರೆಯಲ್ಲಿ ನಿಂತು ಕುದಿಯುವ ಆಮ್ಲಜನಕವನ್ನು ಮೊದಲು ನೋಡಿದವರು ಪೋಲೆಂಡಿನ ಕ್ರಾಕೋ ನಗರದ ವ್ರೊಬ್ಲೆವ್‌ಸ್ಕಿ ಮತ್ತು ಓಲ್‌ಷೆವ್‌ಸ್ಕಿ ಎಂಬ ಇಬ್ಬರು ಪ್ರಾಧ್ಯಾಪಕರು. ಅದು ನಡೆದುದು 1883ರ ಏಪ್ರಿಲ್ ತಿಂಗಳಲ್ಲಿ. ಸೊನ್ನೆಗಿಂತ 183 ಡಿಗ್ರಿ ಕೆಳಗೆ ಕುದಿಯುವ ಆ ದ್ರವಕ್ಕೆ ತಿಳಿನೀಲಿಯ ಬಣ್ಣ. ಕೆಲವು ದಿನಗಳಲ್ಲಿಯೇ ಸಾರಜನಕವೂ ಅವರಿಗೆ ವಶವಾಯಿತು. ಐದು ವರ್ಷಗಳ ತರುವಾಯ ವ್ರೊಬ್ಲೆವ್‌ಸ್ಕಿಯವರು ರಾತ್ರಿಯ ಹೊತ್ತು ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿರುವಾಗ ಸೀಮೆ ಎಣ್ಣೆಯ ದೀಪವು ಉರುಳಿ, ಬಟ್ಟೆಗೆ ಬೆಂಕಿ ಹತ್ತಿ, ಆ ಸುಟ್ಟ ಗಾಯಗಳಿಂದಲೇ ತೀರಿಕೊಂಡರು. ಲೋಕದ ಅತ್ಯಂತ ಶೀತವಾದ ದ್ರವಗಳ ನಡುವೆ ಬಾಳಿದವರ ಮರಣ ಒಂದು ದೀಪದಿಂದ ಬಂದಿತು. ಅಪಾಯವು ನಾವು ಕಾವಲಿರಿಸಿದ ಬಾಗಿಲಿನಿಂದಲೇ ಬರಬೇಕೆಂಬ ನಿಯಮವಿಲ್ಲ.

ಇನ್ನು ಲಂಡನ್ ನಗರದ ರಾಯಲ್ ಇನ್ಸ್ಟಿಟ್ಯೂಷನ್ನಿಗೆ ಬರೋಣ. ಫ್ಯಾರಡೆಯು ಕೆಲಸಮಾಡಿದ ಆ ಮನೆಯಲ್ಲಿಯೇ ಜೇಮ್ಸ್ ಡ್ಯೂಯರ್ ಎಂಬಾತನು ಜಲಜನಕದ ಬೆನ್ನು ಹತ್ತಿದನು. ಇಂಥ ದ್ರವಗಳನ್ನು ಇಡುವುದಕ್ಕೆ ಪಾತ್ರೆ ಬೇಕಲ್ಲವೆ? ಎರಡು ಗೋಡೆಗಳ ಗಾಜಿನ ಪಾತ್ರೆಯನ್ನು ಮಾಡಿಸಿ, ಗೋಡೆಗಳ ನಡುವಿನ ಗಾಳಿಯನ್ನು ತೆಗೆದು, ಒಳಮೈಗೆ ಬೆಳ್ಳಿಯ ಲೇಪ ಕೊಡುವ ಯುಕ್ತಿಯನ್ನು 1892ರಲ್ಲಿ ಅವನು ಹೂಡಿದನು. ಇಂದು ನಾವು ಪ್ರಯಾಣದಲ್ಲಿ ಕಾಫಿಯನ್ನು ಬಿಸಿಯಾಗಿ ಇಟ್ಟುಕೊಳ್ಳುವ ಫ್ಲಾಸ್ಕು ಅದರ ಸಂತಾನ. ಗಾಳಿಯನ್ನು ತಣಿಸಲು ಕಾಫಿಯನ್ನು ಕಾಯಿಸಲು ಉಪಾಯ ಒಂದೇ. 1898ರ ಮೇ 10ರಂದು ಡ್ಯೂಯರನಿಗೆ ಜಲಜನಕವು ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವವಾಗಿ ದೊರೆಯಿತು. ಅವನ ಸಹಾಯಕರಾದ ಲೆನಕ್ಸ್ ಮತ್ತು ಹೀತ್ ಎಂಬಿಬ್ಬರೂ ಪ್ರಯೋಗಗಳಲ್ಲಿ ಆದ ಸ್ಫೋಟಗಳಿಂದ ಒಂದೊಂದು ಕಣ್ಣನ್ನು ಕಳೆದುಕೊಂಡರು. ಕೀರ್ತಿ ಒಬ್ಬನಿಗೆ, ಗಾಯ ಮತ್ತಿಬ್ಬರಿಗೆ ಎಂಬ ಹಂಚಿಕೆಯನ್ನು ಈ ಚರಿತ್ರೆಯಲ್ಲಿ ನಾವು ಮತ್ತೆ ಮತ್ತೆ ಕಾಣುತ್ತೇವೆ.

ಇಷ್ಟು ಕೇಳಿದ ಮೇಲೆ ಈ ದ್ರವಗಳ ಗುಣವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಏಕೆಂದರೆ ಅಪಾಯವೆಲ್ಲ ಗುಣದಿಂದಲೇ ಹುಟ್ಟುತ್ತದೆ.

ಮೊದಲನೆಯದು ಶೀತ. ತರಗತಿಯಲ್ಲಿ ದ್ರವ ಸಾರಜನಕವನ್ನು ತೋರಿಸಿದಾಗ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಮೊದಲ ಪ್ರಶ್ನೆ, ಅದನ್ನು ಮುಟ್ಟಬಹುದೇ ಎಂಬುದು. ಕಾದ ದೋಸೆಯ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಉರುಳಾಡುವುದನ್ನು ಎಲ್ಲರೂ ನೋಡಿದ್ದಾರೆ. ಹನಿಯ ಕೆಳಗೆ ಆವಿಯ ತೆಳುಪದರ ಉಂಟಾಗಿ ಅದನ್ನು ಎತ್ತಿ ಹಿಡಿಯುತ್ತದೆ. ಜರ್ಮನಿಯ ಲೈಡನ್‌ಫ್ರಾಸ್ಟ್ ಎಂಬ ವೈದ್ಯನು 1756ರಲ್ಲಿ ಇದನ್ನು ವಿವರಿಸಿದನು. ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ಸಾರಜನಕಕ್ಕೆ ನಮ್ಮ ಅಂಗೈಯೇ ಕಾದ ಕಾವಲಿ. ಆದ್ದರಿಂದ ಒಂದೆರಡು ಹನಿ ಕೈಮೇಲೆ ಬಿದ್ದು ಉರುಳಿಹೋದರೆ ಬಾಧೆಯಿಲ್ಲದೆ ಹೋಗಬಹುದು. ಇದನ್ನು ಕಂಡು ಧೈರ್ಯ ಬಂದವನೇ ಕೆಡುವವನು. ಅದೇ ದ್ರವವು ಬಟ್ಟೆಯಲ್ಲಿ ಹೀರಿ ನಿಂತರೆ, ಬೂಟಿನೊಳಕ್ಕೆ ಇಳಿದರೆ, ಉಂಗುರದ ಕೆಳಗೆ ಸಿಕ್ಕಿದರೆ, ಆವಿಯ ಪದರಕ್ಕೆ ಜಾಗವಿಲ್ಲದೆ ಮಾಂಸವು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಆಮೇಲೆ ಬೆಂಕಿಯಲ್ಲಿ ಸುಟ್ಟ ಹಾಗೆಯೇ ಗುಳ್ಳೆ ಏಳುತ್ತದೆ. ದ್ರವಕ್ಕಿಂತಲೂ ಅದರಲ್ಲಿ ತಣಿದ ಲೋಹ ಹೆಚ್ಚು ಕೆಟ್ಟದು. ಬರಿಯ ಕೈಯಿಂದ ಮುಟ್ಟಿದರೆ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ.

ಎರಡನೆಯದು ಹಿಗ್ಗುವಿಕೆ. ಒಂದು ಲೀಟರ್ ದ್ರವ ಸಾರಜನಕವು ಆವಿಯಾಗಿ ಕೋಣೆಯ ಉಷ್ಣತೆಗೆ ಬಂದಾಗ ಸುಮಾರು 700 ಲೀಟರ್ ಅನಿಲವಾಗುತ್ತದೆ. ಹೊರಕ್ಕೆ ದಾರಿ ಬಿಟ್ಟರೆ ಅದು ಸದ್ದಿಲ್ಲದೆ ಹೋಗುತ್ತದೆ. ದಾರಿ ಮುಚ್ಚಿದರೆ ಹೊರಗಿನ ಗಾಳಿಯ ಒತ್ತಡಕ್ಕಿಂತ ಸಾವಿರಾರು ಪಾಲು ಒತ್ತಡ ಬೆಳೆದು, ಎಂಥ ಪಾತ್ರೆಯನ್ನೂ ಒಡೆಯುತ್ತದೆ. ಮುಚ್ಚಿದವನು ಮನುಷ್ಯನೇ ಆಗಿರಬೇಕೆಂದಿಲ್ಲ. ದ್ರವ ಜಲಜನಕದ ಪಾತ್ರೆಯ ಬಾಯಿ ಸ್ವಲ್ಪ ತೆರೆದಿದ್ದರೆ ಹೊರಗಿನ ಗಾಳಿಯೇ ಒಳಕ್ಕೆ ಇಳಿದು ಗಡ್ಡೆಕಟ್ಟಿ ಬಿರಡೆಯಾಗಿ ಕೂರುತ್ತದೆ. ಆದಕಾರಣ ಈ ಪಾತ್ರೆಗಳಿಗೆ ಬಿಗಿಯಾದ ಮುಚ್ಚಳವನ್ನು ಎಂದಿಗೂ ಹಾಕಬಾರದೆಂಬುದೂ, ಕೊಳವೆಗಳಿಗೆಲ್ಲ ಒತ್ತಡ ಮಿತಿಮೀರಿದರೆ ತಾನಾಗಿ ತೆರೆಯುವ ರಕ್ಷಣಾ ಕವಾಟವು ಇರಬೇಕೆಂಬುದೂ ಮೊದಲನೆಯ ನಿಯಮ.

ಮೂರನೆಯ ಅಪಾಯಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಅದರಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಬಾಗಿಲು ಕಿಟಕಿಗಳು ಮುಚ್ಚಿರುವಾಗ ಅಲ್ಲಿ ಹತ್ತು ಲೀಟರ್ ದ್ರವ ಸಾರಜನಕ ಚೆಲ್ಲಿತೆನ್ನಿ. ಅದು 7,000 ಲೀಟರ್ ಅನಿಲವಾಗಿ ಗಾಳಿಯನ್ನು ಸಂದುಗೊಂದುಗಳಿಂದ ಹೊರಕ್ಕೆ ನೂಕುತ್ತದೆ. ನೂರಕ್ಕೆ 21 ಪಾಲು ಇದ್ದ ಆಮ್ಲಜನಕವು 16ರ ಹತ್ತಿರಕ್ಕೆ ಇಳಿಯುತ್ತದೆ. ಇಪ್ಪತ್ತು ಲೀಟರ್ ಚೆಲ್ಲಿದರೆ 13ರ ಹತ್ತಿರಕ್ಕೆ. ಹತ್ತಕ್ಕಿಂತ ಕೆಳಗೆ ಮನುಷ್ಯನು ಬೇಗನೆ ಎಚ್ಚರ ತಪ್ಪಿ ಬೀಳುತ್ತಾನೆ. ಉಸಿರು ಕಟ್ಟಿದಾಗ ಆಗುವ ಸಂಕಟಕ್ಕೆ ಕಾರಣ ರಕ್ತದಲ್ಲಿ ಅಂಗಾರಾಮ್ಲವು ಸೇರುವುದು. ಆಮ್ಲಜನಕದ ಕೊರತೆಯನ್ನು ದೇಹವು ಅಷ್ಟಾಗಿ ಅರಿಯದು. ಸಾರಜನಕದ ನಡುವೆ ಉಸಿರಾಡುವವನು ಅಂಗಾರಾಮ್ಲವನ್ನು ಎಂದಿನಂತೆ ಹೊರಕ್ಕೆ ಬಿಡುತ್ತಲೇ ಇರುವುದರಿಂದ, ತಾನು ಸಾಯುತ್ತಿರುವೆನೆಂಬ ತಿಳಿವೇ ಅವನಿಗೆ ಆಗದಿರಬಹುದು. ಬಿದ್ದವನನ್ನು ಎತ್ತಲು ಓಡಿದವನೂ ಹಾಗೆಯೇ ಬೀಳುತ್ತಾನೆ. ಇಂಥ ಕಡೆ ಕರುಣೆಗಿಂತ ಮೊದಲು ಕಿಟಕಿ ತೆರೆಯಬೇಕು.

ನಾಲ್ಕನೆಯದು ಆಮ್ಲಜನಕದ ವಿಚಾರ. ಅದು ತಾನು ಉರಿಯದು. ಉರಿಯುವುದಕ್ಕೆಲ್ಲ ಪ್ರಾಣ ಕೊಡುವುದು. ಎಣ್ಣೆ, ಜಿಡ್ಡು, ಮರದ ಹೊಟ್ಟು, ಅರಳೆ ಇವು ದ್ರವ ಆಮ್ಲಜನಕದಲ್ಲಿ ನೆನೆದರೆ ಒಂದು ಕಿಡಿಗೆ ಅಥವಾ ಒಂದು ಪೆಟ್ಟಿಗೆ ಸಿಡಿಮದ್ದಾಗುತ್ತವೆ. ಇದ್ದಿಲಿನ ಪುಡಿಯನ್ನು ಅದರಲ್ಲಿ ನೆನೆಸಿ ಬಂಡೆ ಸಿಡಿಸುವ ಮದ್ದನ್ನು ಜರ್ಮನಿಯ ಲಿಂಡೆಯು ಮಾಡಿ ತೋರಿಸಿದನು. ಇವನೇ 1895ರಲ್ಲಿ ಗಾಳಿಯನ್ನು ಯಂತ್ರದಿಂದ ಯಥೇಚ್ಛವಾಗಿ ದ್ರವವಾಗಿಸಿ ಈ ವಿದ್ಯೆಯನ್ನು ಕೈಗಾರಿಕೆಯಾಗಿ ಮಾಡಿದವನು. ದ್ರವ ಗಾಳಿಯಲ್ಲಿ ಒಂದು ಮೋಸವೂ ಇದೆ. ಸಾರಜನಕವು ಮೊದಲು ಕುದಿದು ಹೋಗುವುದರಿಂದ, ತೆರೆದ ಪಾತ್ರೆಯಲ್ಲಿ ಉಳಿಯುತ್ತ ಬರುವುದು ಹೆಚ್ಚುಹೆಚ್ಚಾಗಿ ಆಮ್ಲಜನಕವೇ. ಬೆಳಗ್ಗೆ ಸಾಧುವಾಗಿದ್ದ ಪಾತ್ರೆ ಸಂಜೆಗೆ ಸಾಧುವಾಗಿರದು.

ಐದನೆಯದು ಲೋಹಗಳ ಸ್ವಭಾವ. ಸಾಧಾರಣ ಉಕ್ಕು ಬಗ್ಗುತ್ತದೆ, ನಲುಗುತ್ತದೆ. ಅತಿಶೀತದಲ್ಲಿ ಅದೇ ಉಕ್ಕು ಗಾಜಿನಂತೆ ಪೆಡಸಾಗಿ ಸೀಳುತ್ತದೆ. ಇದನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕ ದೇಶದ ಕ್ಲೀವ್‌ಲೆಂಡ್ ನಗರವೇ ಸಾಕ್ಷಿ. ಅಲ್ಲಿ ಒಲೆಗಳಿಗೆ ಬೇಕಾದ ನೆಲದನಿಲವನ್ನು ಸೊನ್ನೆಗಿಂತ 160 ಡಿಗ್ರಿ ಕೆಳಗೆ ದ್ರವವಾಗಿಸಿ ದೊಡ್ಡ ತೊಟ್ಟಿಗಳಲ್ಲಿ ಶೇಖರಿಸಿದ್ದರು. 1944ರ ಅಕ್ಟೋಬರ್ 20ರಂದು ಒಂದು ತೊಟ್ಟಿ ಒಡೆಯಿತು. ದ್ರವವು ಬೀದಿಗೆ ಹರಿದು, ಮೋರಿಗಳಿಗೆ ಇಳಿದು, ಅಲ್ಲಿ ಆವಿಯಾಗಿ ಗಾಳಿಯೊಡನೆ ಬೆರೆತು ಹೊತ್ತಿಕೊಂಡಿತು. ನೆಲದ ಕೆಳಗಿನಿಂದ ಬೆಂಕಿ ಎದ್ದು ಮನೆಗಳು ಸಾಲುಸಾಲಾಗಿ ಉರಿದುವು. ಸುಮಾರು 130 ಮಂದಿ ಸತ್ತರು. ತೊಟ್ಟಿಯನ್ನು ಕಟ್ಟಿದ್ದ ಉಕ್ಕಿನಲ್ಲಿ ನೂರಕ್ಕೆ ಮೂರೂವರೆ ಪಾಲು ನಿಕ್ಕಲ್ ಇತ್ತು; ಆ ಶೀತಕ್ಕೆ ಅದು ಸಾಲದೆಂಬುದು ಆಮೇಲೆ ತಿಳಿಯಿತು. ಈಗ ಅಂಥ ತೊಟ್ಟಿಗಳಿಗೆ ನೂರಕ್ಕೆ ಒಂಬತ್ತು ಪಾಲು ನಿಕ್ಕಲ್ ಇರುವ ಉಕ್ಕನ್ನು ಬಳಸುತ್ತಾರೆ. ಚೆಲ್ಲಿದುದು ಊರಿಗೆ ಹರಿಯದಂತೆ ಸುತ್ತಲೂ ಒಡ್ಡು ಕಟ್ಟುತ್ತಾರೆ.

ಈಗ ನಾವು ಲೈಡನ್ನಿಗೆ ಹಿಂದಿರುಗಿ ತೀರ್ಪು ಹೇಳಬಹುದು. ಎರ್ವಿಯ ಸಾವು, ಲೆನಕ್ಸ್ ಮತ್ತು ಹೀತರ ಕಣ್ಣುಗಳು, ಮುಂದೆ ಕ್ಲೀವ್‌ಲೆಂಡಿನ ಬೀದಿಗಳು, ಇವನ್ನೆಲ್ಲ ಮುಂದಿಟ್ಟುಕೊಂಡು ನೋಡಿದರೆ ನಗರಸಭೆಯವರ ಭಯವನ್ನು ಮೂಢತನವೆಂದು ಹೇಳಲು ನಮ್ಮ ನಾಲಗೆ ಏಳುವುದಿಲ್ಲ. ಆದರೆ ಅವರ ಭಯಕ್ಕೆ ಕಣ್ಣಿರಲಿಲ್ಲ. ಮದ್ದಿನ ನಾವೆಯನ್ನು ನೆನೆದು ಅವರು ಹೆದರಿದರು. ಅನಿಲದ ಗುಣವನ್ನು ಅರಿತು ಹೆದರಲಿಲ್ಲ. ಸರ್ಕಾರವು ಈ ಭಯಕ್ಕೆ ಕಣ್ಣು ಕೊಡುವ ಕೆಲಸವನ್ನು ಮಾಡಿತು. ತಜ್ಞರ ಸಮಿತಿಯೊಂದು ನೇಮಕವಾಯಿತು. ಅನಿಲಗಳ ತತ್ತ್ವವನ್ನು ಬಲ್ಲವರಲ್ಲಿ ಅಗ್ರಗಣ್ಯನಾದ ವಾನ್ ಡೆರ್ ವಾಲ್ಸನು ಅದರಲ್ಲಿದ್ದನು. ಓನೆಸರಿಗೆ ಪ್ರತಿಸ್ಪರ್ಧಿಯಾದ ಡ್ಯೂಯರನೇ ಲಂಡನ್ನಿನಿಂದ ಅವರ ಪರವಾಗಿ ಕಾಗದ ಬರೆದನು. ಅನುಮತಿ ಬಂದ 1898ರಲ್ಲಿಯೇ ಆ ಡ್ಯೂಯರನು ಜಲಜನಕವನ್ನು ಗೆದ್ದಿದ್ದನು. ಓನೆಸರಿಗೆ ಅದು ಸಾಧ್ಯವಾದುದು 1906ರಲ್ಲಿ. ಪಂದ್ಯದ ಒಂದು ಸುತ್ತನ್ನು ನಗರಸಭೆಯ ಅರ್ಜಿಯು ಅವರಿಂದ ಕಸಿದುಕೊಂಡಿತೆಂದು ಹೇಳಬಹುದು.

ಆದರೂ ಕೊನೆಯ ಸುತ್ತು ಅವರದೇ ಆಯಿತು. ಓನೆಸರು ಅವಸರದ ಮನುಷ್ಯರಲ್ಲ. 1901ರಲ್ಲಿ ಅವರು ತಮ್ಮ ಪ್ರಯೋಗಶಾಲೆಗೆ ಸೇರಿದಂತೆಯೇ ಉಪಕರಣಗಳನ್ನು ಮಾಡುವ ಕುಶಲಕರ್ಮಿಗಳಿಗೆ ಒಂದು ಶಾಲೆಯನ್ನು ತೆರೆದರು. ನೀಲಿಯ ಅಂಗಿ ತೊಟ್ಟ ಹುಡುಗರು ಅಲ್ಲಿ ಗಾಜು ಊದುವುದನ್ನೂ ಲೋಹ ಕಡೆಯುವುದನ್ನೂ ಕಲಿತರು. ಬೆಸುಗೆ ಬಿಡದಂತೆ, ಕವಾಟ ಸೋರದಂತೆ, ಗಾಜು ಬಿರಿಯದಂತೆ ಮಾಡಬಲ್ಲ ಕೈಗಳಿಲ್ಲದೆ ಅತಿಶೀತವು ವಶವಾಗದೆಂಬುದನ್ನು ಅವರು ಬಲ್ಲವರಾಗಿದ್ದರು. ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಸಹಾಯಕರು ಅಪಾಯವನ್ನು ಅನುಭವಿಸಿದ್ದರು. ಲೈಡನ್ನಿನಲ್ಲಿ ಸಹಾಯಕರಿಗೆ ವಿದ್ಯೆ ದೊರೆಯಿತು. ನಮ್ಮ ದೃಷ್ಟಿಯಲ್ಲಿ ಓನೆಸರ ಹಿರಿಮೆ ಅವರು ಮುಟ್ಟಿದ ಉಷ್ಣತೆಯಲ್ಲಿ ಎಷ್ಟಿದೆಯೋ ಈ ಶಾಲೆಯಲ್ಲಿಯೂ ಅಷ್ಟೇ ಇದೆ.

ಆ ವೇಳೆಗೆ ಗೆಲ್ಲದೆ ಉಳಿದಿದ್ದ ಅನಿಲ ಹೀಲಿಯಂ ಒಂದೇ. 1908ರ ಜುಲೈ 10ರಂದು ನಸುಕಿನಲ್ಲಿಯೇ ಕೆಲಸ ಮೊದಲಾಯಿತು. ಹಿಂದಿನ ದಿನವೇ 75 ಲೀಟರ್ ದ್ರವ ಗಾಳಿಯನ್ನು ಸಿದ್ಧಮಾಡಿಟ್ಟಿದ್ದರು. ಅದರ ಸಹಾಯದಿಂದ ಮಧ್ಯಾಹ್ನದೊಳಗೆ 20 ಲೀಟರ್ ದ್ರವ ಜಲಜನಕವು ಸಿದ್ಧವಾಯಿತು. ಜಲಜನಕದಿಂದ ತಣಿದ ಹೀಲಿಯಂ ಮತ್ತೆ ಮತ್ತೆ ಸುತ್ತಿ ಬಂದಿತು. ಸಂಜೆಯಾದರೂ ಕಣ್ಣಿಗೆ ಏನೂ ಕಾಣಲಿಲ್ಲ. ಉಷ್ಣತೆಯನ್ನು ತೋರಿಸುವ ಮಾಪಕವು ಮಾತ್ರ ಒಂದೇ ಕಡೆ ನಿಂತುಬಿಟ್ಟಿತು. ನೋಡಲು ಬಂದಿದ್ದ ಸಹೋದ್ಯೋಗಿಯೊಬ್ಬರು ಪಾತ್ರೆಯನ್ನು ಕೆಳಗಿನಿಂದ ಬೆಳಗಿಸಿ ನೋಡಿರೆಂದರು. ಹಾಗೆ ಮಾಡಲು, ಕತ್ತಿಯ ಅಲಗಿನಂತೆ ತೆಳುವಾದ ದ್ರವದ ಮೇಲ್ಮೈ ಗಾಜಿನ ಗೋಡೆಗೆ ತಾಗಿ ನಿಂತಿದ್ದುದು ಕಂಡಿತು. ಪಾತ್ರೆ ಆಗಲೇ ತುಂಬಿತ್ತು; ಅಷ್ಟು ತಿಳಿಯಾದುದರಿಂದ ಯಾರಿಗೂ ತೋರಿರಲಿಲ್ಲ. ದೊರೆತುದು 60 ಘನ ಸೆಂಟಿಮೀಟರ್, ಒಂದು ಸಣ್ಣ ಲೋಟದಷ್ಟು. ಅದರ ಉಷ್ಣತೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಮೂರು ವರ್ಷಗಳ ತರುವಾಯ ಆ ಶೀತದಲ್ಲಿ ಪಾದರಸವು ವಿದ್ಯುತ್ತಿಗೆ ಒಡ್ಡುವ ತಡೆಯನ್ನೆಲ್ಲ ಕಳೆದುಕೊಳ್ಳುವುದನ್ನು ಅದೇ ಪ್ರಯೋಗಶಾಲೆಯು ಕಂಡುಹಿಡಿಯಿತು. 1913ರಲ್ಲಿ ಓನೆಸರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮದ್ದಿನ ನಾವೆ ಸಿಡಿದ ನೆಲದಲ್ಲಿ ಎರಡನೆಯ ಸಿಡಿತವಾಗಲೇ ಇಲ್ಲ.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಎಳೆ ಸೇರಿದೆ. ಹೀಲಿಯಮ್ಮಿನ ಸುಳಿವು ಸಿಕ್ಕಿದುದು ಸೂರ್ಯನಲ್ಲಿ. 1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಎಂಬ ಖಗೋಳಜ್ಞನು ನಮ್ಮ ನೆರೆಯ ಗುಂಟೂರಿಗೆ ಬಂದಿದ್ದನು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಎಂಬಾತನು ಸೂರ್ಯನ ಬೆಳಕಿನಲ್ಲಿದ್ದ ಹಳದಿಯ ಗೆರೆಯೊಂದು ಭೂಮಿಯ ಮೇಲೆ ತಿಳಿದ ಯಾವ ವಸ್ತುವಿಗೂ ಸೇರಿದುದಲ್ಲವೆಂದು ಗುರುತಿಸಿದನು. ಆ ವಸ್ತುವನ್ನು 1895ರಲ್ಲಿ ಭೂಮಿಯ ಮೇಲೆ ಕಂಡುಹಿಡಿದವನು ವಿಲಿಯಂ ರ‍್ಯಾಮ್ಸೆ. ಈ ರ‍್ಯಾಮ್ಸೆಯೇ 1900ರಲ್ಲಿ ಇಂಡಿಯಾ ದೇಶಕ್ಕೆ ಬಂದು ಸುತ್ತಾಡಿ, ಜಮ್‌ಷೆಟ್‌ಜಿ ಟಾಟಾ ಅವರು ಸಂಕಲ್ಪಿಸಿದ್ದ ವಿಜ್ಞಾನ ಮಂದಿರಕ್ಕೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದನು. ಮೈಸೂರು ಸಂಸ್ಥಾನವು ಅದಕ್ಕೆ 371 ಎಕರೆ ನೆಲವನ್ನು ದಾನಮಾಡಿತು.

ಆ ಮಂದಿರದ ಮೊದಲನೆಯ ನಿರ್ದೇಶಕನಾಗಿ 1906ರಲ್ಲಿ ಬಂದವನು ರ‍್ಯಾಮ್ಸೆಯ ಶಿಷ್ಯನೂ ಸಹೋದ್ಯೋಗಿಯೂ ಆದ ಮಾರಿಸ್ ಟ್ರಾವರ್ಸ್. 1898ರಲ್ಲಿ ಇವರಿಬ್ಬರೂ ದ್ರವ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕುದಿಸಿ ಬೇರ್ಪಡಿಸಿ, ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಎಂಬ ಮೂರು ಹೊಸ ಅನಿಲಗಳನ್ನು ಕೆಲವೇ ವಾರಗಳಲ್ಲಿ ಕಂಡುಹಿಡಿದಿದ್ದರು. ಆಮೇಲೆ ಟ್ರಾವರ್ಸನು ದ್ರವ ಜಲಜನಕದ ಯಂತ್ರವನ್ನೂ ತಾನೇ ಕಟ್ಟಿದ್ದನು. ಲಂಡನ್ ಲೈಡನ್ ನಗರಗಳ ಶೀತದ ಪಂದ್ಯದಲ್ಲಿ ಪಾಲುಗೊಂಡ ಕೈಗಳೇ ಬೆಂಗಳೂರಿನ ವಿಜ್ಞಾನ ಮಂದಿರದ ಮೊದಲ ಇಟ್ಟಿಗೆಗಳನ್ನು ಇಡಿಸಿದುವೆಂಬುದನ್ನು ನಮ್ಮವರಲ್ಲಿ ಬಹಳ ಮಂದಿ ಅರಿಯರು. ಇಂದು ಆ ಮಂದಿರದಲ್ಲಿ ಅತಿಶೀತ ವಿದ್ಯೆಗೇ ಮೀಸಲಾದ ಒಂದು ಕೇಂದ್ರವಿದೆ. ದ್ರವ ಜಲಜನಕವನ್ನೂ ದ್ರವ ಆಮ್ಲಜನಕವನ್ನೂ ಉರಿಸುವ ಸ್ವದೇಶೀ ಯಂತ್ರದಿಂದ ನಮ್ಮ ದೇಶದ ರಾಕೆಟ್ಟು 2010ರಲ್ಲಿ ಒಮ್ಮೆ ಸೋತು, 2014ರ ಜನವರಿ 5ರಂದು ಗೆದ್ದುದನ್ನು ಎಲ್ಲರೂ ಬಲ್ಲರು.

ಈಗ ಈ ದ್ರವಗಳು ಪ್ರಯೋಗಶಾಲೆಯ ಗೋಡೆಯನ್ನು ದಾಟಿ ನಮ್ಮ ನಡುವೆಯೇ ಬಂದಿವೆ. ಹಳ್ಳಿಯ ಪಶುವೈದ್ಯಶಾಲೆಯಲ್ಲಿ ಉತ್ತಮ ತಳಿಯ ಹೋರಿಗಳ ವೀರ್ಯವು ದ್ರವ ಸಾರಜನಕದ ಪಾತ್ರೆಯಲ್ಲಿ ಉಳಿಯುತ್ತದೆ. ದೊಡ್ಡ ಆಸ್ಪತ್ರೆಗಳ ಅಂಗಳದಲ್ಲಿ ದ್ರವ ಆಮ್ಲಜನಕದ ತೊಟ್ಟಿ ನಿಂತಿರುತ್ತದೆ. 2021ರ ಮಹಾಮಾರಿಯ ದಿನಗಳಲ್ಲಿ ಅದರ ಬೆಲೆ ಏನೆಂಬುದು ಮನೆಮನೆಗೂ ತಿಳಿಯಿತು. ದೇಹದ ಒಳಗನ್ನು ನೋಡುವ ಅಯಸ್ಕಾಂತದ ಯಂತ್ರವು ದ್ರವ ಹೀಲಿಯಮ್ಮಿನಲ್ಲಿ ಮುಳುಗಿ ಕೆಲಸಮಾಡುತ್ತದೆ. ಆ ಪಾತ್ರೆಯನ್ನು ಎತ್ತಿ ತರುವವನು, ತೊಟ್ಟಿಗೆ ಕೊಳವೆ ಜೋಡಿಸುವವನು, ಅದನ್ನು ಲಾರಿಯಲ್ಲಿ ಹೊತ್ತು ತರುವವನು, ಇವರೇ ಇಂದಿನ ಎರ್ವಿಗಳು, ಇಂದಿನ ಲೆನಕ್ಸ್ ಮತ್ತು ಹೀತರು. ಕಣ್ಣಿಗೆ ಕನ್ನಡಿ, ಸಡಿಲವಾದ ಕೈಚೀಲ, ಮೈಮುಚ್ಚುವ ಉಡುಪು, ತೆರೆದ ಕಿಟಕಿ, ಗಾಳಿಯಲ್ಲಿನ ಆಮ್ಲಜನಕವನ್ನು ಅಳೆಯುವ ಒಂದು ಸಣ್ಣ ಮಾಪಕ ಇವು ದೊಡ್ಡ ಖರ್ಚಿನ ವಸ್ತುಗಳಲ್ಲ. ಇವುಗಳೊಡನೆ ಆ ದ್ರವದ ಐದು ಗುಣಗಳನ್ನು ಆ ಕೆಲಸಗಾರನಿಗೆ ಅವನ ಭಾಷೆಯಲ್ಲಿಯೇ ತಿಳಿಸಿ ಹೇಳಬೇಕು. ಇಂಗ್ಲಿಷಿನ ಅಕ್ಷರಗಳಲ್ಲಿ ಎಚ್ಚರಿಕೆಯ ಹಲಗೆ ತೂಗುಹಾಕಿ ಕೈತೊಳೆದುಕೊಂಡರೆ ಸಾಲದು.

ಲೈಡನ್ನಿನ ನಗರಸಭೆಯವರು ಕೇಳಿದ ಪ್ರಶ್ನೆ ಸರಿಯಾದುದೇ: ನಮ್ಮ ನೆರೆಯಲ್ಲಿ ನೀವು ಏನನ್ನು ಇಟ್ಟುಕೊಂಡಿದ್ದೀರಿ? ಆ ಪ್ರಶ್ನೆಗೆ ಬಲ್ಲವರು ಉತ್ತರ ಹೇಳಬೇಕು, ಕೇಳಿದವರು ಆ ಉತ್ತರವನ್ನು ಅರಿತುಕೊಳ್ಳಬೇಕು. ಅಲ್ಲಿ ಹಾಗಾಗಲು ಮೂರು ವರ್ಷ ಹಿಡಿಯಿತು. ಹತ್ತು ವರ್ಷಗಳ ಮೇಲೆ ಒಂದು ಸಣ್ಣ ಲೋಟದಷ್ಟು ಹೀಲಿಯಂ ದೊರೆಯಿತು. ಆ ಮೂರು ವರ್ಷಗಳು ವ್ಯರ್ಥವಾದುವೆಂದು ನಾವು ಎಣಿಸುವುದಿಲ್ಲ.